ಬೀಜ ಹಾಕಲಾ, ಸಸಿ ತರಲಾ?

ಹಿತ್ತಲಲ್ಲೋ ತಾರಸಿಯ ಮೇಲೋ ನಾಲ್ಕು ತರಕಾರಿ ಬೆಳೆಯೋಣ ಎಂದು ಹೊರಟವರು ಮಣ್ಣು, ಗೊಬ್ಬರ, ಕುಂಡಗಳನ್ನು ಹೇಗೋ ಹೊಂದಿಸಿಕೊಂಡುಬಿಡುತ್ತಾರೆ. ತಡವರಿಸುವುದು ಅದರ ಮುಂದಿನ ಹೆಜ್ಜೆಗೆ. ಬೀಜ ಹಾಕಬೇಕೋ, ನರ್ಸರಿಯಿಂದ ಸಸಿ ತರಬೇಕೋ? ಬಲ್ಲವರನ್ನು ಕೇಳಿದರೆ ಎರಡು ಉತ್ತರ ಸಿಗುತ್ತವೆ, ಎರಡೂ ಖಡಾಖಂಡಿತ. ಬೀಜದಿಂದ ಎಬ್ಬಿಸದಿದ್ದರೆ ಅದು ಬೆಳೆದ ಹಾಗೇ ಅಲ್ಲ ಎನ್ನುವವರು ಒಂದು ಕಡೆ. ಹೊಸಬರಿಗೆ ಬೀಜದ ಗೋಜು ಯಾಕೆ, ಸಸಿ ತಂದು ನೆಟ್ಟರೆ ಎರಡು ತಿಂಗಳಲ್ಲಿ ಕಾಯಿ ಕೊಯ್ಯಬಹುದು ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕೈಕೆಸರು ಮಾಡಿಕೊಂಡವರೇ, ಇಬ್ಬರ ಮಾತಿನಲ್ಲೂ ಹುರುಳಿದೆ.

ಆದರೆ ಇಬ್ಬರೂ ಒಂದು ವಿಷಯವನ್ನು ಬಿಡಿಸಿ ಹೇಳುವುದಿಲ್ಲ. ತರಕಾರಿ ಬೆಳೆಯುವಾಗ ಒಂದಿಷ್ಟು ಗಿಡ ಸಾಯುವುದು ಖಂಡಿತ. ಹೊಸಬರ ಕೈಯಲ್ಲಿ ಇನ್ನಷ್ಟು ಸಾಯುತ್ತವೆ. ಬೀಜದ ದಾರಿಯಲ್ಲಿ ಆ ನಷ್ಟ ಮೊದಲ ಮೂರು ವಾರದಲ್ಲೇ ಆಗುತ್ತದೆ, ಆಗ ಹೋಗುವುದು ಚಿಟಿಕೆ ಬೀಜ, ಬೊಗಸೆ ಮಣ್ಣು. ಸಸಿಯ ದಾರಿಯಲ್ಲಿ ಮೊದಲ ಮೂರು ವಾರ ಎಲ್ಲವೂ ಚೆಂದ. ಕೈಕೊಡುವುದು ಗಿಡ ಮೊಣಕಾಲೆತ್ತರ ಬಂದು, ಗೊಬ್ಬರ ತಿಂದು, ಕೋಲು ಕಟ್ಟಿಸಿಕೊಂಡ ಮೇಲೆ. ಮೊದಲನೆಯದು ಅಗ್ಗದ ನಷ್ಟ, ಆದರೆ ಉತ್ಸಾಹವನ್ನು ಕೊಲ್ಲುವಂಥದ್ದು. ಎರಡನೆಯದು ದುಬಾರಿ, ಆದರೆ ಅಷ್ಟು ಹೊತ್ತಿಗೆ ಮನುಷ್ಯನಿಗೆ ಗಿಡದ ರುಚಿ ಹತ್ತಿರುತ್ತದೆ. ಯಾವ ನಷ್ಟವನ್ನು ತಡೆದುಕೊಳ್ಳಬಲ್ಲಿರಿ ಎನ್ನುವುದರ ಮೇಲೆ ಉತ್ತರ ನಿಂತಿದೆ ಎಂದು ನನ್ನ ಅಭಿಪ್ರಾಯ. ಯಾವ ತರಕಾರಿ ಎನ್ನುವುದರ ಮೇಲಂತೂ ನಿಂತೇ ಇದೆ.

ಸಸಿಯ ಪರವಾದ ವಾದವನ್ನು ಮೊದಲು ನೋಡೋಣ, ಯಾಕೆಂದರೆ ತೋಟದ ಹುಚ್ಚಿರುವವರು ಅದನ್ನು ಸೋಮಾರಿಗಳ ದಾರಿ ಎಂದು ತಳ್ಳಿಹಾಕುವುದುಂಟು. ಕೋಲಾರದ ಟೊಮೆಟೊ ರೈತನನ್ನು ತೆಗೆದುಕೊಳ್ಳಿ. ಅಲ್ಲಿನ ಎಪಿಎಂಸಿ ಮಾರುಕಟ್ಟೆಯಿಂದ ದೇಶದ ಮೂಲೆಮೂಲೆಗೆ ಟೊಮೆಟೊ ಹೋಗುತ್ತದೆ. ಹುಟ್ಟಿದಾಗಿನಿಂದ ಟೊಮೆಟೊ ಕಂಡಿರುವ ಆ ರೈತರಲ್ಲಿ ಬಹಳಷ್ಟು ಮಂದಿ ಇವತ್ತು ತಮ್ಮ ಸಸಿಯನ್ನು ತಾವು ಬೆಳೆಸಿಕೊಳ್ಳುವುದಿಲ್ಲ. ನಾಟಿಗೆ ಒಂದು ತಿಂಗಳು ಮುಂಚೆ ನರ್ಸರಿಗೆ ಹೇಳಿಟ್ಟು, ಟ್ರೇ ಲೆಕ್ಕದಲ್ಲಿ ಸಸಿ ತರಿಸಿಕೊಳ್ಳುತ್ತಾರೆ. ಸಸಿಮಡಿ ಮಾಡಲು ಬಾರದೆ ಅಲ್ಲ. ಹೈಬ್ರಿಡ್ ಬೀಜ ದುಬಾರಿ, ಮಡಿಯಲ್ಲಿ ಕಾಲು ಭಾಗ ಸತ್ತರೂ ಅದು ದೊಡ್ಡ ಮೊತ್ತ. ಅದಕ್ಕಿಂತ ಮುಖ್ಯ ಕಾರಣ ಬಿಳಿನೊಣ. ಟೊಮೆಟೊ ಎಲೆ ಮುದುಡಿಸುವ ನಂಜಾಣುವನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಈ ಅಕ್ಕಿಕಾಳಿಗಿಂತ ಚಿಕ್ಕ ನೊಣ. ಸಸಿಯಾಗಿದ್ದಾಗಲೇ ನಂಜು ತಗುಲಿದ ಗಿಡ ಮುಂದೆ ಹೂ ಬಿಟ್ಟರೂ ಕಾಯಿ ಕಚ್ಚುವುದು ಅಷ್ಟಕ್ಕಷ್ಟೆ. ಹಾಗಾಗಿ ಒಳ್ಳೆಯ ನರ್ಸರಿಗಳು ಸಣ್ಣ ಕಣ್ಣಿನ ಬಲೆಮನೆಯೊಳಗೆ, ಪ್ರೋಟ್ರೇಗೆ ಕೋಕೋಪೀಟ್ ತುಂಬಿ, ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕಿ, ಇಪ್ಪತ್ತೈದು ಮೂವತ್ತು ದಿನ ಬಾಗಿಲು ಮುಚ್ಚಿಟ್ಟು ಸಸಿ ಬೆಳೆಸುತ್ತವೆ. ಕಸುಬುದಾರನೇ ಈ ಕೆಲಸವನ್ನು ಬೇರೆಯವರಿಗೆ ಬಿಟ್ಟಿರುವಾಗ, ಜೀವನದಲ್ಲಿ ಮೊದಲ ಬಾರಿ ಕುಂಡ ಮುಟ್ಟಿದವರು ತಾವೇ ಮಾಡಬೇಕೆಂದು ಹಟ ಹಿಡಿಯುವುದರಲ್ಲಿ ಏನು ಅರ್ಥ? ಈ ಪ್ರಶ್ನೆಗೆ ಬೀಜದ ಬಣದವರಿಂದ ನನಗೆ ಈವರೆಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿಲ್ಲ.

ಸಸಿಮಡಿಯಲ್ಲಿ ಏನಾಗುತ್ತದೆ ಎನ್ನುವುದನ್ನು ಹತ್ತಿರದಿಂದ ನೋಡಿದವರಿಗೆ ಆ ಪ್ರಶ್ನೆಯ ತೂಕ ಗೊತ್ತಾಗುತ್ತದೆ. ಟೊಮೆಟೊ ಬೀಜ ಐದಾರು ದಿನಕ್ಕೆ ಮೊಳೆಯುತ್ತದೆ. ಕೊಕ್ಕೆಯ ಹಾಗೆ ಬಾಗಿದ ಬಿಳಿ ಕತ್ತು ಮಣ್ಣು ಸರಿಸಿಕೊಂಡು ಮೇಲೆ ಬರುತ್ತದೆ, ಮಧ್ಯಾಹ್ನದ ಹೊತ್ತಿಗೆ ನೆಟ್ಟಗಾಗುತ್ತದೆ, ಎರಡು ಉದ್ದನೆಯ ಬೀಜದೆಲೆ ಬಿಡಿಸಿಕೊಳ್ಳುತ್ತದೆ. ನಾಲ್ಕು ದಿನ ಎಲ್ಲವೂ ಹಸಿರು. ಐದನೇ ದಿನ ಬೆಳಿಗ್ಗೆ ನೋಡಿದರೆ ಒಂದು ಮೂಲೆಯ ಹತ್ತು ಸಸಿ ಮಲಗಿವೆ. ಎಲೆ ಇನ್ನೂ ಹಸಿರಾಗಿಯೇ ಇರುತ್ತದೆ, ಹುಳ ಕಚ್ಚಿದ ಗುರುತಿಲ್ಲ. ಬಗ್ಗಿ ನೋಡಿದರೆ ಮಣ್ಣಿಗೆ ತಾಗುವ ಜಾಗದಲ್ಲಿ ಕಾಂಡ ನೀರು ಕುಡಿದಂತೆ ಮೆತ್ತಗಾಗಿ, ದಾರದಷ್ಟು ಸಣಕಲಾಗಿರುತ್ತದೆ. ಮರುದಿನ ಪಕ್ಕದ ಸಾಲು, ಅದರ ಮರುದಿನ ಅರ್ಧ ಟ್ರೇ. ಇದೇ ಸಸಿ ಕೊಳೆ ರೋಗ. ಪೀಥಿಯಂ ಜಾತಿಯ, ನೀರು ನಿಂತ ಮಣ್ಣಿನಲ್ಲಿ ಹಬ್ಬುವ ಸೂಕ್ಷ್ಮಜೀವಿಗಳು ಇದಕ್ಕೆ ಸಾಮಾನ್ಯ ಕಾರಣ. ಅವು ಬಲಿಯುವುದು ಒತ್ತೊತ್ತಾಗಿ ಬಿತ್ತಿದಲ್ಲಿ, ಗಾಳಿ ಆಡದಲ್ಲಿ, ಅತಿಯಾಗಿ ನೀರು ಹಾಕಿದಲ್ಲಿ. ಈ ಮೂರನ್ನೂ ಹೊಸಬರು ಪ್ರೀತಿಯಿಂದಲೇ ಮಾಡುತ್ತಾರೆ. ಬೀಜ ಉಳಿಯಬಾರದೆಂದು ಪೊಟ್ಟಣ ಪೂರ್ತಿ ಸುರಿಯುತ್ತಾರೆ, ಬಿಸಿಲು ತಾಗದಿರಲೆಂದು ಒಳಗಿಡುತ್ತಾರೆ, ದಿನಕ್ಕೆ ಮೂರು ಸಲ ನೀರು ಚಿಮುಕಿಸುತ್ತಾರೆ.

ಒಳಗಿಟ್ಟ ಸಸಿಗೆ ಇನ್ನೊಂದು ಕಾಟ. ಕಿಟಕಿಯ ಬೆಳಕು ನಮ್ಮ ಕಣ್ಣಿಗೆ ಸಾಕಷ್ಟು, ಸಸಿಗೆ ಅರೆಹೊಟ್ಟೆ. ಅದು ಬೆಳಕು ಹುಡುಕಿಕೊಂಡು ಗೇಣುದ್ದ ಬೆಳೆದು, ಬಿಳಿಚಿಕೊಂಡು, ತನ್ನ ಭಾರ ತಾನೇ ಹೊರಲಾರದೆ ವಾಲುತ್ತದೆ. ಟೊಮೆಟೊ ಆದರೆ ಇದಕ್ಕೆ ಪರಿಹಾರವಿದೆ. ಮೊದಲ ಎಲೆಯವರೆಗೂ ಕಾಂಡವನ್ನು ಮಣ್ಣಲ್ಲಿ ಹುಗಿದು ನೆಟ್ಟರೆ ಹುಗಿದಷ್ಟೂ ಉದ್ದಕ್ಕೆ ಬೇರು ಒಡೆಯುತ್ತದೆ. ಮೆಣಸು, ಬದನೆ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಮೆಣಸಿಗಂತೂ ತಾಳ್ಮೆಯೇ ಬೇರೆ ಬೇಕು. ಮೊಳೆಯಲು ಹತ್ತು ಹನ್ನೆರಡು ದಿನ, ನಾಟಿಗೆ ಬರಲು ಒಂದು ತಿಂಗಳ ಮೇಲೆ. ಬೀಜ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಮೊಳಕೆಯ ಪ್ರಮಾಣ ಬರೆದಿರಬೇಕು. ಟೊಮೆಟೊಗೆ ಕನಿಷ್ಠ ಶೇಕಡ 70 ಇರಬೇಕಾದರೆ ಮೆಣಸಿಗೆ 60 ಇದ್ದರೆ ಸಾಕು. ಅಂದರೆ ಒಳ್ಳೆಯ ಮೆಣಸಿನ ಬೀಜದಲ್ಲೂ ಹತ್ತಕ್ಕೆ ನಾಲ್ಕು ಹುಟ್ಟದೇ ಇರಬಹುದು, ಅದು ಬೆಳೆಯುವವರ ತಪ್ಪಲ್ಲ. ಈ ಅಂಕಿ ಗೊತ್ತಿಲ್ಲದೆ ತಮ್ಮ ಕೈಗುಣವೇ ಸರಿಯಿಲ್ಲ ಎಂದು ತೋಟ ಬಿಟ್ಟವರಿದ್ದಾರೆ. ನನಗೆ ಅದು ನಿಜಕ್ಕೂ ಬೇಸರದ ಸಂಗತಿ.

ದುಡ್ಡಿನ ಲೆಕ್ಕವೂ ಎಲ್ಲರೂ ಅಂದುಕೊಂಡ ಹಾಗಿಲ್ಲ. ಬೀಜ ಅಗ್ಗ, ಸಸಿ ದುಬಾರಿ ಎನ್ನುವುದು ರೂಢಿಯ ಮಾತು. ಟೊಮೆಟೊ ಬೀಜ ಒಂದು ಗ್ರಾಂಗೆ ಸುಮಾರು ಮುನ್ನೂರು ಇರುತ್ತವೆ, ದಂಟಿನ ಬೀಜವಾದರೆ ಗ್ರಾಂಗೆ ಸಾವಿರಕ್ಕೂ ಮೇಲೆ. ಬೀಜದಂಗಡಿಯಲ್ಲಿ ಸಿಗುವುದು ರೈತರ ಅಳತೆಯ ಪೊಟ್ಟಣ. ಮನೆಗೆ ಬೇಕಾದದ್ದು ಆರು ಟೊಮೆಟೊ ಗಿಡ. ಉಳಿದ ಬೀಜವನ್ನು ಚೆನ್ನಾಗಿ ಇಟ್ಟರೆ ಮೂರು ನಾಲ್ಕು ವರ್ಷ ಬಾಳುತ್ತದೆ ನಿಜ, ಈರುಳ್ಳಿ ಬೀಜವಂತೂ ವರ್ಷ ಕಳೆದರೆ ನೆಚ್ಚುವ ಹಾಗಿಲ್ಲ. ಬೀಜದ ಜೊತೆಗೆ ಟ್ರೇ, ಕೋಕೋಪೀಟ್, ನೆರಳು ಬಲೆ ಎಂದು ಕೊಳ್ಳುತ್ತಾ ಹೋದರೆ ಆರು ಗಿಡಕ್ಕೆ ತಗಲುವ ಖರ್ಚು ಸಸಿಯ ಬೆಲೆಯನ್ನು ದಾಟುತ್ತದೆ. ಟೊಮೆಟೊ, ಬದನೆ, ಮೆಣಸು, ಎಲೆಕೋಸು, ಹೂಕೋಸುಗಳನ್ನು ಐದಾರು ಗಿಡ ಮಾತ್ರ ಬೆಳೆಯುವವರಿಗೆ ಸಸಿಯೇ ಅಗ್ಗ.

ಇಷ್ಟಾದ ಮೇಲೂ ನಾನು ಸಸಿಯ ಬಣಕ್ಕೆ ಪೂರ್ತಿ ಸೇರಿಕೊಳ್ಳಲಾರೆ. ಅದಕ್ಕೆ ಮೊದಲ ಕಾರಣ, ಕೋಲಾರದ ರೈತನಿಗೆ ಸಿಗುವ ಸಸಿ ಪಟ್ಟಣದ ನಮಗೆ ಸಿಗುವುದಿಲ್ಲ. ಆ ನರ್ಸರಿಗಳು ಸಾವಿರದ ಲೆಕ್ಕದಲ್ಲಿ ವ್ಯವಹಾರ ಮಾಡುತ್ತವೆ, ಹತ್ತು ಸಸಿ ಕೇಳಿದವರಿಗೆ ಟ್ರೇ ಒಡೆಯಲು ಮನಸ್ಸು ಮಾಡುವುದು ಕಡಿಮೆ. ನಮಗೆ ಸಿಗುವುದು ರಸ್ತೆ ಬದಿಯಲ್ಲಿ ಕ್ರೋಟನ್, ಗುಲಾಬಿ, ತುಳಸಿಗಳ ನಡುವೆ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿಟ್ಟ ಬದನೆ ಗಿಡ. ಯಾವ ತಳಿ ಎಂದು ಕೇಳಿ ನೋಡಿ. "ಹೈಬ್ರಿಡ್ ಮೇಡಂ, ಚೆನ್ನಾಗಿ ಬಿಡುತ್ತೆ" ಎನ್ನುವುದಕ್ಕಿಂತ ಹೆಚ್ಚಿನ ಉತ್ತರ ಅಪರೂಪ. ಉದ್ದ ಬದನೆಯೋ ಗುಂಡು ಬದನೆಯೋ, ಬಜ್ಜಿ ಮೆಣಸೋ ಖಾರದ ಮೆಣಸೋ ಎನ್ನುವುದು ಕಾಯಿ ಬಿಟ್ಟ ಮೇಲೇ ತಿಳಿಯುತ್ತದೆ. ಅಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.

ಬಲೆಮನೆಯಿಂದ ಹೊರಬಂದು ವಾರಗಟ್ಟಲೆ ರಸ್ತೆ ಬದಿಯಲ್ಲಿ ನಿಂತ ಸಸಿಗೆ ಬಿಳಿನೊಣದಿಂದ ರಕ್ಷಣೆ ಏನೂ ಇಲ್ಲ. ಸಸಿ ಕೊಳ್ಳುವಾಗ ಎಲೆಯನ್ನು ಮಗುಚಿ ನೋಡಬೇಕು, ಗಿಡವನ್ನು ಮೆಲ್ಲಗೆ ತಟ್ಟಿದರೆ ಬಿಳಿ ಹುಡಿಯಂತೆ ನೊಣ ಏಳುತ್ತದೆಯೇ ನೋಡಬೇಕು. ಬೇರು ಬಿಳಿಯಾಗಿರಬೇಕು, ಗಿಡಕ್ಕೆ ನಾಲ್ಕೈದು ಎಲೆ, ಗಿಡ್ಡನೆಯ ಗಟ್ಟಿ ಕಾಂಡ ಇರಬೇಕು. ಹೊಸಬರ ಕೈ ಹೋಗುವುದೇ ಬೇರೆ ಕಡೆ. ಚಿಕ್ಕ ಚೀಲದಲ್ಲೇ ಹೂ ಬಿಟ್ಟ, ಒಂದು ಕಾಯಿಯನ್ನೂ ಹೊತ್ತ ಗಿಡ ಅವರನ್ನು ಸೆಳೆಯುತ್ತದೆ. ಅದು ವಯಸ್ಸು ಮೀರಿದ ಸಸಿ. ಬೇರು ಚೀಲದೊಳಗೇ ಸುತ್ತಿ ಸುತ್ತಿ ಗಂಟಾಗಿರುತ್ತದೆ, ದೊಡ್ಡ ಕುಂಡಕ್ಕೆ ಹಾಕಿದರೂ ಹೊಸ ಬೇರು ಬಿಟ್ಟು ಚೇತರಿಸಿಕೊಳ್ಳುವುದು ಕಷ್ಟ. ನೆರಳಲ್ಲಿ ಬೆಳೆದದ್ದನ್ನು ತಂದ ದಿನವೇ ತಾರಸಿಯ ಬಿಸಿಲಿಗೆ ಒಡ್ಡಿದರೆ ಸಂಜೆಯೊಳಗೆ ಸೊರಗುತ್ತದೆ. ಸಸಿ ಸುಲಭ ಎನ್ನುವವರು ಈ ಆಯ್ಕೆಯ ಕಷ್ಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಳ್ಳೆಯ ಸಸಿಯನ್ನು ಗುರುತಿಸುವ ಕಣ್ಣು ಬರುವುದು ಒಂದೆರಡು ಸಲ ಸಸಿ ಎಬ್ಬಿಸಿದವರಿಗೆ.

ಎರಡನೆಯ ಕಾರಣ ಇನ್ನೂ ಸರಳ. ಅರ್ಧಕ್ಕರ್ಧ ತರಕಾರಿಗಳ ವಿಷಯದಲ್ಲಿ ಈ ಜಗಳವೇ ಇಲ್ಲ. ಬೆಂಡೆ, ಹುರುಳಿಕಾಯಿ, ಅಲಸಂದೆ, ಅವರೆ, ಮೂಲಂಗಿ, ಕ್ಯಾರೆಟ್, ಮೆಂತ್ಯ, ಕೊತ್ತಂಬರಿ, ದಂಟು, ಹರಿವೆ ಇವನ್ನೆಲ್ಲ ಬೆಳೆಯುವ ಜಾಗದಲ್ಲೇ ಬಿತ್ತಬೇಕು. ಕ್ಯಾರೆಟ್, ಮೂಲಂಗಿಯ ತಾಯಿಬೇರೇ ನಾವು ತಿನ್ನುವ ಭಾಗ, ಅದನ್ನು ಕಿತ್ತು ನೆಟ್ಟರೆ ಕವಲೊಡೆದು ಸೊಟ್ಟಗಾಗುತ್ತದೆ. ಹೀರೆ, ಹಾಗಲ, ಪಡವಲ, ಸೌತೆ, ಕುಂಬಳದ ಬಳ್ಳಿಗಳು ಬೇರು ಅಲುಗಿದರೆ ಮುನಿಸಿಕೊಳ್ಳುತ್ತವೆ. ಕಾಗದದ ಲೋಟದಲ್ಲಿ ಬೆಳೆಸಿ ಮಣ್ಣಿನ ಹೆಂಟೆ ಒಡೆಯದ ಹಾಗೆ ಇಳಿಸಬಹುದು, ಆದರೆ ನೇರವಾಗಿ ಗುಣಿಗೆ ಎರಡು ಮೂರು ಬೀಜ ಊರುವುದೇ ಹಳೆಯ ಕ್ರಮ, ಸುಲಭವೂ ಹೌದು. ನರ್ಸರಿಯಲ್ಲಿ ಯಾರಾದರೂ ಬೆಂಡೆ ಸಸಿ, ಹುರುಳಿಕಾಯಿ ಸಸಿ ಮಾರುತ್ತಿದ್ದರೆ ಕೊಳ್ಳಬೇಡಿ. ಹುರುಳಿಕಾಯಿಯ ಬೀಜ ದಪ್ಪ, ಮೊಳಕೆಗೆ ಬೇಕಾದ ಬುತ್ತಿಯನ್ನು ಅದು ಹೊಟ್ಟೆಯಲ್ಲೇ ಕಟ್ಟಿಕೊಂಡಿರುತ್ತದೆ. ಬೆರಳಿನ ಮೊದಲ ಗೆಣ್ಣಿನಷ್ಟು ಆಳಕ್ಕೆ ಊರಿ, ಮಣ್ಣು ಒಣಗದ ಹಾಗೆ ನೋಡಿಕೊಂಡರೆ ವಾರದೊಳಗೆ ನೆಲ ಬಿರುಕು ಬಿಡುತ್ತದೆ. ಮೂಲಂಗಿ ಮೂರು ನಾಲ್ಕು ದಿನಕ್ಕೇ ಹುಟ್ಟಿ, ನಲವತ್ತೈದು ದಿನದ ಆಸುಪಾಸಿಗೆ ಸಾರಿಗೆ ಬರುತ್ತದೆ. ದಂಟು, ಹರಿವೆಯನ್ನು ತಿಂಗಳೊಳಗೆ ಕೀಳಬಹುದು. ಬೀಜ ಎಂದರೆ ಕಷ್ಟ ಎನ್ನುವ ಮಾತು ಟೊಮೆಟೊ, ಮೆಣಸು, ಬದನೆಗಳಿಂದ ಹುಟ್ಟಿದ್ದು. ಹೊಸಬರ ದುರದೃಷ್ಟವೆಂದರೆ ಎಲ್ಲರಿಗೂ ಮೊದಲು ಬೇಕಾಗುವುದು ಟೊಮೆಟೊವೇ.

ನೇರ ಬಿತ್ತನೆಯಲ್ಲಿ ಕಷ್ಟವಿಲ್ಲ ಎಂದಲ್ಲ. ದಂಟಿನ ಬೀಜ ಚೆಲ್ಲಿದ ಮಡಿಗೆ ಇರುವೆ ಸಾಲುಗಟ್ಟುತ್ತವೆ. ಅದಕ್ಕೆ ಹಳಬರು ಬೀಜದ ಜೊತೆ ಒಂದು ಹಿಡಿ ಅಕ್ಕಿ ನುಚ್ಚು ಬೆರೆಸಿ ಚೆಲ್ಲುತ್ತಿದ್ದರು, ಇರುವೆ ನುಚ್ಚು ಹೊರುವಷ್ಟರಲ್ಲಿ ಬೀಜ ಮೊಳೆಯುತ್ತದೆ. ಕೆಂಪು ಮಣ್ಣಿನ ಮೇಲೆ ಜೋರು ಮಳೆ ಬಿದ್ದು ಬಿಸಿಲು ಬಂದರೆ ಮೇಲ್ಪದರ ಹಪ್ಪಳ ಕಟ್ಟುತ್ತದೆ, ಸಣ್ಣ ಮೊಳಕೆ ಅದನ್ನು ಒಡೆಯಲಾರದು. ತೆಳ್ಳಗೆ ಒಣಹುಲ್ಲು ಹೊದಿಸಿದರೆ ಸರಿ, ಆದರೆ ಮೊಳಕೆ ಕಂಡ ದಿನವೇ ತೆಗೆಯಬೇಕು. ಮಲೆನಾಡು, ಕರಾವಳಿಯ ಮಳೆಯಲ್ಲಿ ಬಸವನಹುಳು ರಾತ್ರಿಯೊಳಗೆ ಒಂದು ಸಾಲನ್ನೇ ಮುಗಿಸುತ್ತದೆ. ಹಾಗಲದ ಬೀಜಕ್ಕೆ ಸಿಪ್ಪೆ ಗಟ್ಟಿ, ರಾತ್ರಿ ನೆನೆಸದೆ ಊರಿದರೆ ಹತ್ತು ಹದಿನೈದು ದಿನ ಸುದ್ದಿಯೇ ಇರುವುದಿಲ್ಲ. ಕೊತ್ತಂಬರಿಯನ್ನು ಎರಡು ಹೋಳಾಗುವಂತೆ ಉಜ್ಜಿ ಹಾಕಬೇಕು. ಇವೆಲ್ಲ ಒಮ್ಮೆ ಕೇಳಿದರೆ ತಿಳಿಯುವ ಸಂಗತಿಗಳು, ಬಲೆಮನೆ ಕಟ್ಟುವ ಕಷ್ಟವಲ್ಲ.

ಮೂರನೆಯ ಕಾರಣಕ್ಕೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ದೊಡ್ಡದು. ಸಸಿ ಕೊಂಡರೆ ನರ್ಸರಿಯವರು ಆರಿಸಿದ್ದನ್ನು ಬೆಳೆಯಬೇಕು, ಬೀಜ ಕೊಂಡರೆ ನಮಗೆ ಬೇಕಾದ್ದನ್ನು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಅರ್ಕಾ ಎಂಬ ಹೆಸರಿನಲ್ಲಿ ಹೊರತಂದಿರುವ ತಳಿಗಳನ್ನೇ ನೋಡಿ. ಅರ್ಕಾ ಅನಾಮಿಕ ಬೆಂಡೆಯನ್ನು ಹಳದಿ ನಂಜುರೋಗ ತಡೆಯಲೆಂದೇ ರೂಪಿಸಿದರು. ಅರ್ಕಾ ವಿಕಾಸ್ ಟೊಮೆಟೊ, ಅರ್ಕಾ ಕೋಮಲ್ ಹುರುಳಿಕಾಯಿ, ಅರ್ಕಾ ಸುಗುಣ ಹರಿವೆ, ಅರ್ಕಾ ಅನುಪಮ ಪಾಲಕ್ ಇವೆಲ್ಲ ಹೈಬ್ರಿಡ್ ಅಲ್ಲದ ತಳಿಗಳು, ಬೀಜ ಹಿಡಿದು ಮತ್ತೆ ಬಿತ್ತಬಹುದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆಯ ಕಥೆ ಇನ್ನೂ ಸ್ವಾರಸ್ಯಕರ. ಊರಿನ ಹಳೆಯ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತದೆ. ಮುಂಗಾರಿನಲ್ಲಿ ಬಿತ್ತಿದರೂ ಸೊಗಡಿನ ಕಾಯಿ ಬರುವುದು ಚಳಿಗಾಲಕ್ಕೇ. ಎಚ್‌ಎ-3, ಎಚ್‌ಎ-4 ತಳಿಗಳಿಗೆ ಆ ಹಂಗಿಲ್ಲ, ಯಾವ ತಿಂಗಳು ಬಿತ್ತಿದರೂ ಹೂ ಬಿಡುತ್ತವೆ. ಬೇಸಿಗೆಯಲ್ಲಿ ಹಳೆಯ ತಳಿಯ ಅವರೆ ಊರಿ, ಎಲೆಯ ಪೊದೆ ಬೆಳೆದೂ ಒಂದು ಹೂ ಕಾಣದೆ ಕಂಗಾಲಾದವರು, ತಳಿಯ ಹೆಸರು ಬರೆದ ಪೊಟ್ಟಣ ಕೊಂಡಿದ್ದರೆ ಆ ಕಾಯುವಿಕೆ ತಪ್ಪುತ್ತಿತ್ತು.

ಇನ್ನು ಊರೂರಿನ ನಾಟಿ ತಳಿಗಳು, ಉತ್ತರ ಕರ್ನಾಟಕದವರ ಬಾಯಲ್ಲಿ ಜವಾರಿ. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು ಮಲೆನಾಡಿನ ಹಿತ್ತಲ ತರಕಾರಿಗಳ ಬೀಜವನ್ನು ವರ್ಷವರ್ಷವೂ ಬೆಳೆದು, ಹಿಡಿದು, ಹಂಚುತ್ತ ಬಂದಿದ್ದಾರೆ. ಬೆಂಗಳೂರಿನ ಸಹಜ ಸಮೃದ್ಧ ಬೇರೆ ಬೇರೆ ಸೀಮೆಯ ರೈತರಿಂದ ದೇಸಿ ಬೀಜ ಕೂಡಿಸಿ ಕೊಡುತ್ತದೆ. ಗಾರ್ಡನ್ ಸಿಟಿ ಫಾರ್ಮರ್ಸ್ ಟ್ರಸ್ಟ್‌ನವರು 2011ರಿಂದ ನಡೆಸಿಕೊಂಡು ಬಂದಿರುವ 'ಊಟ ಫ್ರಮ್ ಯುವರ್ ತೋಟ' ಸಂತೆಗಳಲ್ಲಿ ತಾರಸಿ ತೋಟದವರು ಬೀಜ ಕೊಳ್ಳುವುದೂ ಉಂಟು, ಕೈಯಿಂದ ಕೈಗೆ ಬದಲಾಯಿಸಿಕೊಳ್ಳುವುದೂ ಉಂಟು. ಮಲೆನಾಡಿನ ಹಳೆಯ ಮನೆಗಳಲ್ಲಿ ಸೌತೆಯ ಬೀಜವನ್ನು ಬೂದಿ, ಸಗಣಿಯೊಂದಿಗೆ ಕಲಸಿ ಗೋಡೆಗೆ ಅಂಟಿಸಿಡುತ್ತಿದ್ದರು, ಒಣಗಿದ ಹೀರೆಕಾಯಿಯನ್ನು ಇಡಿಯಾಗಿ ಅಟ್ಟದ ತೊಲೆಗೆ ಕಟ್ಟುತ್ತಿದ್ದರು, ಮಳೆ ಹಿಡಿಯುವ ಮುಂಚೆ ಇಳಿಸಿ ಊರುತ್ತಿದ್ದರು. ಈ ತಳಿಗಳು ಯಾವ ನರ್ಸರಿಯ ಟ್ರೇಯಲ್ಲೂ ಸಿಗುವುದಿಲ್ಲ. ಬೇಕೆಂದರೆ ಬೀಜ ಹಾಕುವುದೊಂದೇ ದಾರಿ.

ಆದರೆ ಇಲ್ಲಿ ಬೀಜದ ಬಣದವರು ಒಂದು ಹೆಜ್ಜೆ ಮುಂದೆ ಹೋಗಿ ಹೈಬ್ರಿಡ್ ಎಂದರೆ ವಿಷ ಎನ್ನುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಹೈಬ್ರಿಡ್ ಎಂದರೆ ಎರಡು ತಳಿಗಳ ಪರಾಗಸ್ಪರ್ಶ ಮಾಡಿಸಿ ಪಡೆದ ಮೊದಲ ಪೀಳಿಗೆಯ ಬೀಜ, ಕುಲಾಂತರಿ ಅಲ್ಲ. ಕುಲಾಂತರಿ ತಳಿಯಾದ ಬಿಟಿ ಬದನೆಗೆ ಕೇಂದ್ರ ಸರ್ಕಾರ 2010ರ ಫೆಬ್ರವರಿಯಲ್ಲೇ ತಡೆ ಹಾಕಿತು, ಅಂಗಡಿಯ ಹೈಬ್ರಿಡ್ ಬದನೆ ಬೀಜವನ್ನು ಅದರೊಂದಿಗೆ ಗಂಟುಹಾಕುವುದು ಸರಿಯಲ್ಲ. ಹೆಸರಘಟ್ಟದವರದೇ ಅರ್ಕಾ ರಕ್ಷಕ್ ಎಂಬ ಹೈಬ್ರಿಡ್ ಟೊಮೆಟೊ ಎಲೆ ಮುದುಡು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ ಮೂರನ್ನೂ ತಡೆದುಕೊಳ್ಳುವಂತೆ ಮಾಡಿದ ತಳಿ. ರೋಗ ಯಾವುದೆಂದು ಗುರುತಿಸಲೂ ಬಾರದ ಹೊಸಬರಿಗೆ ಅದು ದೊಡ್ಡ ಆಸರೆ. ಅದರ ಮಿತಿ ಒಂದೇ, ಹಣ್ಣಿನ ಬೀಜ ಹಿಡಿದು ಬಿತ್ತಿದರೆ ಮುಂದಿನ ಪೀಳಿಗೆ ಒಂದೊಂದು ಗಿಡ ಒಂದೊಂದು ಥರ ಬರುತ್ತದೆ. ಅಡುಗೆಮನೆಯ ಟೊಮೆಟೊ ಹಿಚುಕಿ ಕುಂಡಕ್ಕೆ ಹಾಕುವವರಿಗೂ ಇದೇ ಅನುಭವ. ಹುಟ್ಟುವುದೇನೋ ಹುಟ್ಟುತ್ತದೆ, ಆದರೆ ಮಾರುಕಟ್ಟೆಯ ಟೊಮೆಟೊ ಸಾಮಾನ್ಯವಾಗಿ ಹೈಬ್ರಿಡ್, ಮಗಳು ತಾಯಿಯ ಹಾಗಿರುವುದಿಲ್ಲ. ಅಡುಗೆಮನೆಯಿಂದ ಬಿತ್ತುವುದಾದರೆ ಮೆಂತ್ಯ, ಧನಿಯಾ, ಸಾಸಿವೆ, ಅಲಸಂದೆಯ ಡಬ್ಬಿ ತೆರೆಯುವುದು ಲೇಸು. ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಅಂಗಡಿಯ ಬೀಜ ಗುಲಾಬಿ ಬಣ್ಣದ್ದಾಗಿದ್ದರೆ ಅದಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಉಳಿದದ್ದನ್ನು ಅಡುಗೆಗೆ ಹಾಕಬಾರದು, ಮಕ್ಕಳ ಕೈಗೆ ಸಿಗಬಾರದು, ಬಿತ್ತಿದ ಮೇಲೆ ಕೈ ತೊಳೆಯಬೇಕು.

ಬೀಜ ಹಿಡಿಯುವ ಆಸೆಯನ್ನೂ ಹೊಸಬರು ತುಸು ಹದದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಟೊಮೆಟೊ, ಹುರುಳಿಕಾಯಿ, ಅವರೆಗಳು ಬಹುಮಟ್ಟಿಗೆ ತಮ್ಮ ಹೂವಿನಲ್ಲೇ ಪರಾಗ ಮುಗಿಸಿಕೊಳ್ಳುತ್ತವೆ, ಅವುಗಳ ಬೀಜ ನಂಬಬಹುದು. ಮೆಣಸಿನ ಪಕ್ಕ ಇನ್ನೊಂದು ಜಾತಿಯ ಮೆಣಸಿದ್ದರೆ, ಪಕ್ಕದ ಮನೆಯವರು ಬೇರೆ ಜಾತಿಯ ಸೌತೆ ಹಬ್ಬಿಸಿದ್ದರೆ, ಜೇನು ಎರಡನ್ನೂ ಬೆರೆಸುತ್ತದೆ. ಮೊದಲ ವರ್ಷ ಅಲಸಂದೆಯ ನಾಲ್ಕು ಕಾಯಿಯನ್ನು ಗಿಡದಲ್ಲೇ ಒಣಗಲು ಬಿಟ್ಟರೆ ಸಾಕು.

ಹಾಗಾದರೆ ಯಾರಿಗೆ ಯಾವುದು? ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಬರುವವರು, ಬಾಲ್ಕನಿಯಲ್ಲಿ ಎರಡೇ ಕುಂಡಕ್ಕೆ ಜಾಗ ಇರುವವರು, ಟೊಮೆಟೊ ಸಸಿಮಡಿಗೆ ಕೈ ಹಾಕದಿರುವುದೇ ವಾಸಿ. ಮೊಳಕೆಯ ಹೊತ್ತಿನಲ್ಲಿ ಕೋಕೋಪೀಟ್ ಒಂದು ಮಧ್ಯಾಹ್ನ ಪೂರ್ತಿ ಒಣಗಿದರೆ ಆಟ ಮುಗಿಯಿತು, ಅದನ್ನು ನೋಡಲು ಮನೆಯಲ್ಲಿ ಯಾರಾದರೂ ಇರಬೇಕು. ಬಾಡಿಗೆ ಮನೆಯಲ್ಲಿ ವರ್ಷದೊಳಗೆ ಬಿಡಬೇಕಾಗಬಹುದು ಎನ್ನುವವರಿಗೂ ಸಸಿ ಉಳಿಸಿಕೊಡುವ ಒಂದು ತಿಂಗಳು ಸಣ್ಣದಲ್ಲ. ಅಂಥವರಿಗೆ ನಾಲ್ಕು ಟೊಮೆಟೊ, ಎರಡು ಮೆಣಸು, ಎರಡು ಬದನೆ ಸಸಿ, ಪಕ್ಕದ ಅಗಲ ಕುಂಡದಲ್ಲಿ ಮೆಂತ್ಯ, ಹರಿವೆ ಬೀಜ. ಹಿತ್ತಲು ಇದ್ದು, ದಿನಕ್ಕೆರಡು ಸಲ ಗಿಡದ ಮುಂದೆ ನಿಲ್ಲುವ ಪುರುಸೊತ್ತು ಇರುವವರು, ನಿವೃತ್ತರು, ಮಕ್ಕಳಿರುವ ಮನೆಯವರು ಬೀಜದಿಂದಲೇ ಹೊರಡಲಿ, ಬೆಂಡೆ, ಹುರುಳಿಕಾಯಿ, ಮೂಲಂಗಿಯಿಂದ ಮೊದಲಿಟ್ಟು ಎರಡನೇ ಹಂಗಾಮಿಗೆ ಟೊಮೆಟೊಗೆ ಬರಲಿ. ತೊಂಡೆ, ಬಸಳೆ, ನುಗ್ಗೆಗಂತೂ ಎರಡೂ ಬೇಡ. ಪಕ್ಕದ ಮನೆಯಿಂದ ಒಂದು ತುಂಡು ಬಳ್ಳಿ, ಒಂದು ಕೊಂಬೆ ಕೇಳಿ ತಂದು ಊರಿದರೆ ಸರಿ.

ನಾನು ಈವರೆಗೆ ಹೇಳಿದ ಎಚ್ಚರಿಕೆಗಳನ್ನೆಲ್ಲ ಪಕ್ಕಕ್ಕಿಡಬೇಕಾದ ಸಂದರ್ಭ ಒಂದಿದೆ. ಕೆಲವರಿಗೆ ತರಕಾರಿ ಬೆಳೆಯುವ ಆಸೆ ಹುಟ್ಟುವುದೇ ಒಂದು ನಿರ್ದಿಷ್ಟ ಕಾಯಿಗಾಗಿ. ಉಡುಪಿಯ ಕಡೆಯಿಂದ ಬೆಂಗಳೂರಿಗೆ ಬಂದವರಿಗೆ ಮಟ್ಟು ಗುಳ್ಳವೇ ಬೇಕು, ಕಟಪಾಡಿ ಹತ್ತಿರದ ಮಟ್ಟು ಊರಿನ ಆ ತಿಳಿಹಸಿರು, ತೆಳುಸಿಪ್ಪೆಯ ಗುಂಡು ಬದನೆ. ವಾದಿರಾಜ ಸ್ವಾಮಿಗಳು ಕೊಟ್ಟ ಬೀಜದಿಂದ ಬಂದದ್ದು ಎಂದು ಊರಿನವರು ನಂಬಿಕೊಂಡು ಬಂದಿರುವ ಆ ಬದನೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಹಾವೇರಿ ಕಡೆಯವರಿಗೆ ಬ್ಯಾಡಗಿ ಮೆಣಸಿನ ಡಬ್ಬಿ ತಳಿಯೇ ಆಗಬೇಕು, ಕಡ್ಡಿ ಕೊಟ್ಟರೆ ಒಲ್ಲರು. ಕರಾವಳಿಯ ಮಣ್ಣು, ಉಪ್ಪುಗಾಳಿ ಇಲ್ಲದಲ್ಲಿ ಗುಳ್ಳಕ್ಕೆ ಅದೇ ರುಚಿ ಬರುತ್ತದೆಂದು ಮಾತು ಕೊಡಲಾಗದು. ಆದರೂ ಅಂಥ ಆಸೆಯಿದ್ದವರು ಎಷ್ಟೇ ಹೊಸಬರಾಗಿರಲಿ, ರಸ್ತೆ ಬದಿಯ ಯಾವುದೋ ಬದನೆಗೆ ಒಪ್ಪಿಕೊಳ್ಳದೆ ಬೀಜವನ್ನೇ ಹುಡುಕಿ ತರಿಸಿಕೊಳ್ಳಬೇಕು. ತಂದ ಬೀಜದಲ್ಲಿ ಹತ್ತನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ಮೊಳೆಯುತ್ತವೆ ನೋಡಬೇಕು. ಉಳಿದದ್ದರಲ್ಲಿ ಅರ್ಧವನ್ನು ಮಾತ್ರ, ಅಗಲಗಲವಾಗಿ, ಬೆಳಕಿರುವ ಜಾಗದಲ್ಲಿ ಬಿತ್ತಿ, ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಬೇಕು. ಇನ್ನರ್ಧ ಬಿಗಿ ಮುಚ್ಚಳದ ಡಬ್ಬಿಯಲ್ಲಿ ತಣ್ಣನೆಯ ಕಡೆ ಇರಲಿ. ಮೊದಲ ಮಡಿ ಮಲಗಿದರೆ ಎರಡು ವಾರ ಬಿಟ್ಟು, ಹೊಸ ಮಣ್ಣಿನಲ್ಲಿ, ನೀರು ಕಡಿಮೆ ಮಾಡಿ ಅದನ್ನು ಹಾಕಬಹುದು.